ಮೂರನೇ ಗುಂಡಿ

ನಮ್ಮ ಟೈಲರ್ ಅಂಗಡಿಯಲ್ಲಿ ಕಾಜಾ-ಗುಂಡಿ ಅಂದರೆ ಅಕ್ಕ. ನನ್ನ ಒಡಹುಟ್ಟಿದವಳಲ್ಲ. ಇಪ್ಪತ್ತೆರಡು ವರ್ಷ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಅಂಗಿಗಳಿಗೆ ಕಾಜಾ ಹೊಲಿದು, ಗುಂಡಿ ಹಾಕಿ, ಬಂದುಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದವಳು. ಅಳತೆ ಕೊಡಲು ಬಂದವರ ಹೊಟ್ಟೆ ನೋಡಿ, "ಟೇಪು ಸಾಲಲ್ಲ, ಹಗ್ಗ ತಗೋ," ಅನ್ನುವಳು. ಗಿರಾಕಿಗೂ ನಗು. ನನಗೆ ಮಾತ್ರ ಸಿಟ್ಟು.

ಲಾರಿ ಗುದ್ದಿ ಅವಳಿಗೆ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಈಗ ತನ್ನ ತಮ್ಮನ ಮನೆಯಲ್ಲಿ, ಎರಡನೇ ಮಹಡಿಯಲ್ಲಿ, ಗಾಲಿಕುರ್ಚಿಯಲ್ಲಿ ಹಗಲೆಲ್ಲ ಒಬ್ಬಳೇ. ಲಿಫ್ಟಿಲ್ಲ. ಕುರ್ಚಿ ಇಳಿಸಲು ಇಬ್ಬರು ಬೇಕು. "ಕರೆದ್ರೆ ಬರ್ತಾರೆ. ಎಷ್ಟು ಸಲ ಕರೀಲಿ?" ಅನ್ನುತ್ತಾಳೆ. ಮೊದಮೊದಲು ಬೀದಿಯವರೆಲ್ಲ ನೋಡಲು ಬಂದರು, ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ. ಆಮೇಲೆ ಬಿಟ್ಟರು. ಬಿಟ್ಟವರಲ್ಲಿ ನಾನೂ ಒಬ್ಬ.

ಕೆಲಸ ಮಾತ್ರ ಬಿಡಿಸಲಿಲ್ಲ. ಅಂಗಿಗಳ ಗಂಟನ್ನು ಅವಳ ತಮ್ಮ ಒಯ್ಯುತ್ತಾನೆ, ಮುಗಿದ ಮೇಲೆ ತಂದು ಹಾಕುತ್ತಾನೆ.

ಒಂದು ವಾರ ಒಂದು ಅಂಗಿಗೆ ಮೂರನೇ ಗುಂಡಿಯೇ ಇರಲಿಲ್ಲ. ಗೊಣಗುತ್ತ ಮೆಟ್ಟಿಲು ಹತ್ತಿದೆ. "ಅಯ್ಯೋ, ಮರ್ತೆ ಕಣೋ. ಕೂತ್ಕೋ," ಅಂದಳು. ಎರಡು ನಿಮಿಷದ ಕೆಲಸ. ದಾರ ಪೋಣಿಸುವುದಕ್ಕೇ ಅರ್ಧ ಗಂಟೆ ಮಾಡಿದಳು. ಯಾರು ಏನು ಹೊಲಿಸಿದರು, ಯಾರ ಹೊಟ್ಟೆ ಇಳಿಯಿತು, ಎಲ್ಲ ಕೇಳಿದಳು. ಮುಂದಿನ ವಾರವೂ ಮೂರನೇ ಗುಂಡಿ ಇಲ್ಲ. ಅದರ ಮುಂದಿನ ವಾರವೂ ಇಲ್ಲ. ಅಷ್ಟು ವರ್ಷದಲ್ಲಿ ಒಂದು ಗುಂಡಿ ಮರೆತವಳಲ್ಲ. ನನಗೆ ಅರ್ಥವಾಗಿತ್ತು. ಆದರೂ ಬೈದುಕೊಂಡೇ ಹತ್ತುತ್ತಿದ್ದೆ.

ಶಾಲೆ ತೆರೆಯುವ ಹೊತ್ತಿಗೆ ಯೂನಿಫಾರಂ ಕೆಲಸ. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಆ ವಾರದ ಗುಂಡಿ ನಾನೇ ಹಾಕಿದೆ. "ಅಕ್ಕಂಗೆ ಹೇಳು, ಬಿಟ್ಟಿದ್ದನ್ನ ಇನ್ಮೇಲೆ ನಾನೇ ಹಾಕ್ಕೋತೀನಿ," ಎಂದು ಅವಳ ತಮ್ಮನ ಹತ್ತಿರ ಹೇಳಿ ಕಳಿಸಿದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡೆ.

ಮುಂದಿನ ಗಂಟಿನಲ್ಲಿ ಎಲ್ಲ ಗುಂಡಿಗಳೂ ಇದ್ದವು. ಆರು ವಾರ ಒಂದೂ ತಪ್ಪಿಲ್ಲ. ಅಕ್ಕ ಹೇಗಿದ್ದಾಳೆ ಅಂತ ಕೇಳಿದೆ.

"ಇದ್ದಾಳೆ," ಅಂದ ಅವಳ ತಮ್ಮ. "ಮಾತಿಲ್ಲ. ಕುರ್ಚಿನ ಕಿಟಕಿ ಕಡೆಗೂ ತಿರುಗಿಸಲ್ಲ."

ಅವನು ಹೋದ. ಅಳುವೂ ಬರಲಿಲ್ಲ, ನನ್ನ ಮೇಲೆ ಸಿಟ್ಟೂ ಬರಲಿಲ್ಲ. ಆಮೇಲೆ ಗಂಟಿನಿಂದ ಒಂದು ಅಂಗಿ ಎಳೆದು, ಮೂರನೇ ಗುಂಡಿಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದು, ಅಂಗಡಿ ಬಾಗಿಲು ಹಾಕಿ ಹೊರಟೆ.

ಅವಳು ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ದಾರದ ಉಂಡೆ ಮಡಿಲಲ್ಲೇ ಇತ್ತು.

"ಒಂದು ಗುಂಡಿ ಬಿಟ್ಟಿದ್ದೀಯ ಅಕ್ಕ," ಅಂದೆ.

ಅಂಗಿಯನ್ನು ತೊಡೆ ಮೇಲೆ ಹರವಿಕೊಂಡಳು. ಗುಂಡಿ ಇದ್ದ ಜಾಗದಲ್ಲಿ ಅವಳೇ ಹಾಕಿದ್ದ ದಾರದ ತುಣುಕುಗಳು ಇನ್ನೂ ನಿಂತಿದ್ದವು. ಅವುಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಹೌದು ಕಣೋ, ಮರ್ತೆ," ಅಂದಳು. "ಕೂತ್ಕೋ. ದಾರ ಹುಡುಕಬೇಕು."