ಅಜ್ಜಿಯನ್ನು ಕರೆದೊಯ್ಯುವಂಥ ಹೋಟೆಲು

ನನ್ನ ಮೊಮ್ಮಗ ಬಂದ!

ಹೌದು, ಮಂಜ ಬಂದಿದ್ದಾನೆ. ಎರಡು ಕೈ, ಎರಡು ಕಾಲು, ಎರಡು ಕಣ್ಣು, ಎಲ್ಲ ಇದೆ. ನಾನೇ ಮುಟ್ಟಿ ಮುಟ್ಟಿ ನೋಡಿದೆ. ಮಿಲಿಟರಿ ಸೇರಿ ಹಡಗು ಹತ್ತಿದವನು ಕಾಣೆಯಾಗಿದ್ದಾನೆಂದು ಒಮ್ಮೆ ತಂತಿ ಬಂದಿತ್ತು. ಆಮೇಲೆ ಬಹಳ ಕಾಲ ಸುದ್ದಿಯೇ ಇರಲಿಲ್ಲ. ಈಗ ಯುದ್ಧ ಮುಗಿದು, ಭದ್ರಾವತಿ ಸ್ಟೇಷನ್ನಿನಲ್ಲಿ ಇಳಿದು, ಜನ್ನಾಪುರದ ನಮ್ಮ ಮನೆಗೆ ತಾನೇ ನಡೆದುಕೊಂಡು ಬಂದಿದ್ದಾನೆ. ಬೀದಿಗೆಲ್ಲ ಸಕ್ಕರೆ ಹಂಚೋಣವೆಂದರೆ ರೇಷನ್ನು. ಬೆಲ್ಲ ಹಂಚಿದೆ. ಪ್ರತಿ ವಾರ ನನ್ನ ಹರಟೆ ಓದುವ ನಿಮಗೂ ಒಂದು ಚೂರು ಕೊಟ್ಟೆನೆಂದೇ ತಿಳಿಯಿರಿ.

ಇಷ್ಟು ಸಂತೋಷ ಬಂದ ಮನುಷ್ಯ ನೆಮ್ಮದಿಯಾಗಿರಬೇಕಲ್ಲವೇ? ಇರಲಿಲ್ಲ. ಯಾಕೆಂದರೆ ಹುಡುಗ ಊಟ ಮಾಡುತ್ತಿರಲಿಲ್ಲ.

ನಾನು, ನನ್ನ ಮಗ, ಮಂಜ ಮೂವರೂ ಊಟಕ್ಕೆ ಕೂರುತ್ತೇವೆ. ಸೊಸೆ ಒಲೆಯ ಹತ್ತಿರ. ನನ್ನ ಹೆಂಡತಿ ಪುಟ್ಟಮ್ಮ ಬಡಿಸುತ್ತಾಳೆ. (ನಿಮ್ಮ ಮನೆಯಲ್ಲೂ ಹೀಗೇ ತಾನೆ?) ಮಂಜ ಎರಡು ತುತ್ತು ನುಂಗುತ್ತಾನೆ, ಅಜ್ಜಿಯ ಮುಖ ನೋಡುತ್ತಾನೆ, ಕೈ ತೊಳೆಯಲು ಎದ್ದುಬಿಡುತ್ತಾನೆ. ಸಾರು ಬದಲಾಯಿಸಿದೆವು. ಕೋಳಿ ಕೊಯ್ದೆವು. ದೃಷ್ಟಿ ತೆಗೆದೆವು. ಏನೂ ಆಗಲಿಲ್ಲ. ಅಂಗಿಯೊಳಗೆ ಹುಡುಗ ಕರಗುತ್ತಿದ್ದ. ಶತ್ರುವಿನ ಗುಂಡಿಗೆ ಸಿಕ್ಕದೆ ಉಳಿದು ಬಂದವನು ನಮ್ಮ ಕಣ್ಣೆದುರೇ ಉಪವಾಸ ಬಿದ್ದು ಹೋದರೆ?

ಒಂದು ದಿನ ಜಗಲಿಯ ಮೇಲೆ ಕೂತು ಕೇಳಿಯೇಬಿಟ್ಟೆ. ನಿನಗೆ ಏನು ಬೇಕಪ್ಪ?

"ತಾತ, ಒಂದು ಸಂಜೆ ಎಲ್ರೂ ಒಳ್ಳೆ ಹೋಟೆಲಿಗೆ ಹೋಗೋಣ. ಒಂದೇ ಮೇಜಿನ ಸುತ್ತ ಕೂತು ಊಟ ಮಾಡೋಣ. ಒಂದೊಂದು ಲೋಟ ವೈನು ಕುಡಿಯೋಣ. ಅಜ್ಜಿನೂ ಬರಬೇಕು."

ಇಟಲಿಯಲ್ಲಿ ಸೆರೆಯಿಂದ ತಪ್ಪಿಸಿಕೊಂಡಾಗ ಒಬ್ಬ ರೈತನ ಮನೆಯಲ್ಲಿ ಅಡಗಿದ್ದನಂತೆ. ಅವರು ಹಾಗೇ ಊಟ ಮಾಡುತ್ತಿದ್ದರಂತೆ. ಅಷ್ಟು ಹೇಳಿ ಎದ್ದು ಹೋದ.

ಹುಡುಗ ಕುಡಿತ ಕಲಿತು ಬಂದನೇ? ಆದರೂ ಹುಡುಗ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಸಿಕ್ಕಿದರೆ ಉಂಡಾನು. ಹುಡುಕಲೇಬೇಕು.

ಮೊದಲು ವೈನು ಎಂದರೆ ಏನೆಂದು ತಿಳಿಯಬೇಕಿತ್ತು. ಕಾರ್ಖಾನೆಯ ದೊರೆಗಳ ಬಂಗಲೆಯಲ್ಲಿ ಅಡಿಗೆ ಮಾಡುತ್ತಿದ್ದ ಮುನುಸಾಮಿಯನ್ನು ಕೇಳಿದೆ. ಅವನು ನಕ್ಕ. "ಅದು ಸರಾಯಿ ಅಲ್ಲ ಮಾರಾಯ. ದ್ರಾಕ್ಷಿ ಹುಳಿ ಬರಿಸಿ ಮಾಡೋದು. ದೊರೆಗೊಂದು ಗ್ಲಾಸು, ದೊರೆಸಾನಿಗೊಂದು ಗ್ಲಾಸು. ಕುಡಿದು ಯಾರೂ ಚರಂಡಿಗೆ ಬೀಳಲ್ಲ."

ಸ್ವಲ್ಪ ಧೈರ್ಯ ಬಂತು. ಭದ್ರಾವತಿಯಲ್ಲಿ ವಿಚಾರಿಸಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. (ದಿಣ್ಣೆ ಬಂದಾಗ ಇಳಿದು ತಳ್ಳಿದೆವು. ಆ ಬಸ್ಸಿಗೆ ಟಿಕೆಟ್ಟು ಕೊಂಡವರೇ ಎತ್ತು.)

ಪೇಟೆಯ ದೊಡ್ಡ ಬ್ರಾಹ್ಮಣರ ಹೋಟೆಲಿಗೆ ನುಗ್ಗಿದೆ. ಹೊಳೆಯುವ ಕಲ್ಲಿನ ಮೇಜು, ಗೋಡೆಗೆ ಕನ್ನಡಿ, ತುಪ್ಪದ ಪರಿಮಳ. ಮನಸ್ಸು ಒಪ್ಪಿತು. ವೈನು ಎನ್ನಲು ನಾಲಿಗೆ ಏಳಲಿಲ್ಲ. ಹೆಂಗಸರನ್ನು ಕರೆತರಬಹುದೇ ಎಂದು ಕೇಳಿದೆ. ಧಾರಾಳವಾಗಿ ಬರಲಿ, ಪರದೆ ಹಾಕಿದ ಬೇರೆ ರೂಮಿದೆ ಎಂದರು. ಗಂಡಸರೂ ಅಲ್ಲೇ ಕೂರಬಹುದೇ? ಗಲ್ಲಾದಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಾಫಿ ಕುಡಿದು ಹೊರಗೆ ಬಂದೆ.

ಮಿಲಿಟರಿ ಹೋಟೆಲಿನಲ್ಲಿ ಮಾಂಸದ ಸಾರು ಕುದಿಯುತ್ತಿತ್ತು. ಬೆಂಚುಗಳಿದ್ದವು. ಹಿಂದಿನ ಬಾಗಿಲಿನಾಚೆ ಸರಾಯಿ ಅಂಗಡಿ. ಮಾಲೀಕ ಒಳ್ಳೆಯವನು. ವೈನಿನ ಹೆಸರು ಕೇಳಿಯೂ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಯಜಮಾನ್ರೇ, ನೀವು ಬನ್ನಿ. ಮನೆ ಹೆಂಗಸರನ್ನ ಕರ್ಕೊಂಡು ಬರಬೇಡಿ. ಸಂಜೆ ಆದ್ಮೇಲೆ ಇಲ್ಲಿ ಮಾತು ಕಿವಿಗೆ ಕೇಳೋ ಹಾಗಿರಲ್ಲ" ಎಂದ.

ಕೊನೆಗೆ ಸರ್ಕಾರಿ ಬಂಗಲೆ. ಅಲ್ಲಿ ಉದ್ದನೆಯ ಮೇಜು, ಬಿಳಿ ಬಟ್ಟೆ, ಗಾಜಿನ ಲೋಟ, ಗಂಡಸರು ಹೆಂಗಸರು ಜೊತೆಯಲ್ಲೇ ಊಟ. ಎಲ್ಲವೂ ಮಂಜ ಹೇಳಿದ ಹಾಗೇ! ಬಟ್ಲರ್ ಸೊಂಟದ ಪಟ್ಟಿ ಸರಿಮಾಡಿಕೊಳ್ಳುತ್ತ ಯಾವ ಸಾಹೇಬರಿಗೆ ಎಂದು ಕೇಳಿದ. ನಮಗೇ ಎಂದೆ. ಮೇಲಿನವರ ಅಪ್ಪಣೆ ತನ್ನಿ ಎಂದ. ಯಾರು ಆ ಮೇಲಿನವರು? ಅದನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಷ್ಟು ದೊಡ್ಡ ಪೇಟೆಯಲ್ಲಿ ಒಬ್ಬ ಮುದುಕಿಗೆ ಗಂಡ, ಮಕ್ಕಳ ಪಕ್ಕದಲ್ಲಿ ಕೂತು ಉಣ್ಣಲು ಒಂದು ಮೇಜಿಲ್ಲವೇ?

ಬಸ್ಸಿಗೆ ವಾಪಸು ಬರುವಾಗ ಆಯುರ್ವೇದದ ಔಷಧಿ ಅಂಗಡಿ ಕಂಡಿತು. ಮುನುಸಾಮಿ ಹೇಳಿದ್ದೇನು? ದ್ರಾಕ್ಷಿ, ಹುಳಿ ಬರಿಸಿದ್ದು. ಹಾಗಾದರೆ ದ್ರಾಕ್ಷಾಸವ! ಕುಡಿದರೆ ಜಾತಿಯವರೂ ಬಾಯಿ ತೆಗೆಯುವಂತಿಲ್ಲ. ಪಂಡಿತರು ಅಜೀರ್ಣ ಯಾರಿಗೆ ಎಂದು ಕೇಳಿದರು. ಮನೆಯವರಿಗೆಲ್ಲ ಎಂದೆ. ಊಟವಾದ ಮೇಲೆ ಎರಡೆರಡು ಚಮಚ ಎಂದರು. ಲೋಟದ ಲೆಕ್ಕದಲ್ಲಿ ಹೇಳಿ ಸ್ವಾಮಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಬಾಟಲಿ ಹಿಡಿದು ಮನೆಗೆ ಬಂದೆ. ಹೋಟೆಲು ಸಿಗಲಿಲ್ಲ ಎಂದು ಮಂಜನಿಗೆ ಹೇಳಿ ಬಾಟಲಿ ಅವನ ಕೈಗಿಟ್ಟೆ. ಇನ್ನು ಇವನು ಉಣ್ಣುವುದಿಲ್ಲ ಎಂದುಕೊಂಡೆ.

ಮಂಜ ಬಾಟಲಿ ತಿರುಗಿಸಿ ನೋಡಿ ನಕ್ಕ. ಬಂದ ಮೇಲೆ ಮೊದಲ ಸಲ ನಕ್ಕ. ಆಮೇಲೆ ತಲೆ ತಗ್ಗಿಸಿ ಹೇಳಿದ. "ಆ ಮನೇಲೂ ಒಬ್ಬಳು ಅಜ್ಜಿ ಇದ್ಲು ತಾತ. ನಂಗೆ ಬಡಿಸಿ ನಿಂತ್ಕೊಳ್ಳೋಳು. ತನ್ನ ಊಟ ಆಯ್ತು ಅನ್ನೋಳು. ಆಗಿರ್ತಿರ್ಲಿಲ್ಲ. ನಾನು ತಿಂತಿದ್ದಿದ್ದು ಅವಳ ಪಾಲು. ಗೊತ್ತಾದ ದಿನ ನಾನು ತಟ್ಟೆ ಮುಟ್ಲಿಲ್ಲ. ಆವತ್ತಿಂದ ಎಲ್ರಿಗೂ ವೈನು ಹಾಕಿದ ಮೇಲೆ ಯಾರೂ ಏಳೋ ಹಾಗಿಲ್ಲ ಅಂತ ಆ ಮನೆ ಯಜಮಾನ ಕಟ್ಟು ಮಾಡ್ದ. ಇಲ್ಲಿ ನಮ್ಮಜ್ಜಿ ನಿಂತಿದ್ರೆ ನಂಗೆ ಅನ್ನ ಇಳಿಯಲ್ಲ. ಹೋಟೆಲಲ್ಲಾದ್ರೆ ಬಡಿಸೋರು ಬೇರೆ ಇರ್ತಾರೆ, ಅಜ್ಜಿ ಕೂತೇ ಕೂರ್ತಾಳೆ ಅಂದ್ಕೊಂಡೆ."

ನಾನು ಪುಟ್ಟಮ್ಮನ ಕಡೆ ನೋಡಿದೆ. ಅವಳು ಸೊಸೆಯ ಕಡೆ ನೋಡಿದಳು. ಸೊಸೆ ನೆಲ ನೋಡಿದಳು. ರೇಷನ್ನಿನ ಅಕ್ಕಿ ಎಷ್ಟು ಬರುತ್ತದೆ, ನಾವು ಮೂವರು ಗಂಡಸರು ಎಷ್ಟು ಉಣ್ಣುತ್ತೇವೆ, ಆಮೇಲೆ ಪಾತ್ರೆಯಲ್ಲಿ ಏನು ಉಳಿಯುತ್ತದೆ?

ಆ ಸಂಜೆ ಮಂಜ ಪಾತ್ರೆಗಳನ್ನು ತಂದು ನಡುಮನೆಯ ಮಧ್ಯೆ ಇಟ್ಟ. ಸುತ್ತ ಐದು ತಟ್ಟೆ. ಮಗ ತಾಯಿಯ ಎದುರು ಹೆಂಡತಿಯ ಜೊತೆ ಕೂರಲು ನಾಚಿಕೊಂಡು ಗೋಡೆಗೆ ಅಂಟಿದ. ಸೊಸೆ ಸೆರಗು ಎಳೆದುಕೊಂಡಳು. ಪುಟ್ಟಮ್ಮ ಮಾತ್ರ ನಿಂತೇ ಇದ್ದಳು.

"ಎಲ್ಲಾ ಕೂತ್ರೆ ಬಡಿಸೋರು ಯಾರೋ?"

"ಪಾತ್ರೆ ನಡುವೆ ಇದೆ, ಕೈ ಎಲ್ರಿಗೂ ಇದೆ. ಕೂತ್ಕೋ ಅಜ್ಜಿ."

ಐದು ಲೋಟಕ್ಕೂ ದ್ರಾಕ್ಷಾಸವ ಬಿತ್ತು. ಇನ್ನು ಯಾರೂ ಏಳುವಂತಿಲ್ಲ! ಪುಟ್ಟಮ್ಮ ಒಂದು ಗುಟುಕು ಕುಡಿದು, ಮುಖ ಕಿವುಚಿ, ಇದಕ್ಕಿಂತ ಬೇವಿನ ಕಷಾಯ ವಾಸಿ ಎಂದಳು. ಸೊಸೆ ಕಿಸಕ್ಕನೆ ನಕ್ಕಳು. ಮಂಜ ಮುದ್ದೆ ಮುರಿದ, ಸಾರಿಗೆ ಅದ್ದಿದ, ನುಂಗಿದ. ಇನ್ನೊಂದು ತುತ್ತು. ಮತ್ತೊಂದು. ನಾನು ಉಣ್ಣುವುದನ್ನೇ ಮರೆತು ಅವನ ಗಂಟಲು ನೋಡುತ್ತ ಕೂತೆ.

ಮುದ್ದೆ ಮುಗಿಸಿ ಅವನು ಅಜ್ಜಿಯ ತಟ್ಟೆಗೆ ಅನ್ನ ಹಾಕಿದ. ಅದು ಖಾಲಿಯಾದ ಮೇಲೆ ಮತ್ತೆ ಸೌಟು ಎತ್ತಿದ. ಸಾಕು ಕಣೋ ಎಂದು ಪುಟ್ಟಮ್ಮ ತಟ್ಟೆಗೆ ಕೈ ಅಡ್ಡ ಹಿಡಿದಳು. ಅವನು ಸೌಟು ಹಿಡಿದೇ ಕಾದ. ಆಮೇಲೆ ಮೆಲ್ಲಗೆ ಅವಳೇ ಕೈ ತೆಗೆದಳು.

ಅವಳಿಗೆ ಎರಡನೇ ಸಲ ಬಡಿಸಲು ಒಬ್ಬ ಹುಡುಗ ಇಟಲಿಗೆ ಹೋಗಿ ಬರಬೇಕಾಯಿತೇ?