ಹನ್ನೆರಡು ಮೀನು, ಒಬ್ಬ ಸಿಸ್ಟರ್

ಹಲ್ಲಿನ ಆಸ್ಪತ್ರೆಯ ಸಿಸ್ಟರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿ ಇಕ್ಕಳ, ಕನ್ನಡಿ, ಸೂಜಿಗಳನ್ನು ತೊಳೆದು, ಕುದಿಸಿ, ಒರೆಸಿ ಇಡುತ್ತಿದ್ದಳು. ಕೆಸರುಗಾಲಲ್ಲಿ ಒಳಗೆ ಬಂದವರ ಹಲ್ಲುನೋವು ಅವಳ ಗದರಿಕೆಗೇ ಅರ್ಧ ಇಳಿದುಹೋಗುತ್ತಿತ್ತು. "ಈ ಆಸ್ಪತ್ರೇಲಿ ಒಂದು ಕ್ರಿಮೀನೂ ಬದುಕೋಕೆ ನಾನು ಬಿಟ್ಟಿಲ್ಲ" ಎನ್ನುವುದು ಅವಳ ಹೆಮ್ಮೆಯ ಮಾತು.

ದೊಡ್ಡ ಡಾಕ್ಟರ ಕೈ ನಡುಗಲು ಶುರುವಾದ ಮೇಲೆ ಅವರ ಮಗಳು ಬಂದು ಕುರ್ಚಿ ಹಿಡಿದಳು. ಸಿಸ್ಟರ್ ಈ ಹುಡುಗಿಯನ್ನು ಫ್ರಾಕು ಹಾಕುತ್ತಿದ್ದಾಗಿನಿಂದ ಬಲ್ಲಳು. ಆಗ 'ಪುಟ್ಟಿ', ಈಗ 'ಮೇಡಂ'. ಮೇಡಂ ಗೋಡೆಗೆ ಬಣ್ಣ ಬಳಿಸಿದಳು, ಕುರ್ಚಿ ಬದಲಿಸಿದಳು, ಕಾಯುವ ಕೋಣೆಯಲ್ಲಿ ಮೂರಡಿ ಉದ್ದದ ಗಾಜಿನ ಅಕ್ವೇರಿಯಂ ಇಡಿಸಿದಳು. ಸೋಮವಾರ ಅಂಗಡಿಯವನು ಬಂದು ಹನ್ನೊಂದು ಗಂಟೆಗೆ ನಲ್ಲಿ ನೀರು ತುಂಬಿದ. ಯಾವುದೋ ಸೀಸೆಯಿಂದ ನಾಲ್ಕು ಹನಿ ಹಾಕಿದ. ಹನ್ನೆರಡು ಗಂಟೆಗೆ ಹನ್ನೆರಡು ಮೀನು ಬಿಟ್ಟ.

"ದಿನಾ ಒಂಚೂರು ಆಹಾರ ಹಾಕಿ, ಗಲೀಜಾದ್ರೆ ತೊಳೀರಿ, ಅಷ್ಟೇ" ಅಂದು ಕೈ ಒರೆಸಿಕೊಂಡು ಹೋದ.

ತೊಳೆಯಿರಿ ಎನ್ನುವ ಮಾತನ್ನು ಸಿಸ್ಟರಿಗೆ ಎರಡು ಸಲ ಹೇಳಬೇಕಾಗಿರಲಿಲ್ಲ.

ಬುಧವಾರ ನೀರು ಮಬ್ಬಾಯಿತು. ಗುರುವಾರ ಬೆಳಗ್ಗೆ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಉಳಿದವು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಏದುಸಿರು ಬಿಡುತ್ತಿದ್ದವು. ಅವಳು ಫಿಲ್ಟರಿನ ಸ್ಪಂಜು ಕಿತ್ತು ಬಿಸಿನೀರಿನಲ್ಲಿ ಹಿಂಡಿದಳು, ತಳದ ಕಲ್ಲುಗಳನ್ನು ಕುದಿಸಿದಳು, ಗಾಜು ಉಜ್ಜಿದಳು. ಶುಕ್ರವಾರ ಇನ್ನೆರಡು ಹೋದವು.

"ಹೋಗ್ಲಿ ಬಿಡಿ ಸಿಸ್ಟರ್. ಇನ್ನೊಂದು ನಾಲ್ಕು ತರಿಸೋಣ. ಖಾಲಿ ಖಾಲಿ ಕಾಣಬಾರದು" ಅಂದಳು ಮೇಡಂ, ಮೊಬೈಲಿನಿಂದ ತಲೆ ಎತ್ತದೆ.

ಸಿಸ್ಟರಿಗೆ ಮೈಯೆಲ್ಲ ಉರಿಯಿತು. ಸತ್ತದ್ದು ಹೂದಾನಿಯ ಪ್ಲಾಸ್ಟಿಕ್ ಹೂವೇ? ಆ ಸಿಟ್ಟಿನಲ್ಲೇ ಅಂಗಡಿಯವನಿಗೆ ಫೋನು ಮಾಡಿದಳು.

"ಹೊಸ ತೊಟ್ಟೀಲಿ ಒಂದೆರಡು ಹೋಗೋದು ಮಾಮೂಲಮ್ಮ" ಅಂದ ಅವನು.

"ನಿನ್ನ ಮನೇಲಿ ಒಬ್ಬಿಬ್ಬರು ಹೋದ್ರೂ ಮಾಮೂಲೇನಪ್ಪಾ?"

ಫೋನು ಕಟ್ಟಾಯಿತು.

ಶನಿವಾರ ದವಡೆ ಹಲ್ಲು ಕೀಳಿಸಲು ಒಬ್ಬರು ಬಂದಿದ್ದರು. ನೀರು ಸರಬರಾಜು ಕಚೇರಿಯ ಪರೀಕ್ಷಾಲಯದಲ್ಲಿ ಕೆಲಸ. ಮರಗಟ್ಟುವ ಸೂಜಿ ಚುಚ್ಚಿಸಿಕೊಂಡು, ಕೆನ್ನೆ ಊದಿಸಿಕೊಂಡು ಕೂತಿದ್ದವರು, ಸಿಸ್ಟರ್ ನಲ್ಲಿಯ ಕೆಳಗೆ ಸ್ಪಂಜು ಹಿಡಿದದ್ದನ್ನು ಕಂಡು ದಡಕ್ಕನೆ ಎದ್ದರು.

"ಬೇಬ! ಬೇಬ!"

"ಕೂತ್ಕೊಳ್ಳಿ. ಬಾಯಿ ಮುಚ್ಚಿಕೊಂಡು ಇರಿ ಅಂತ ಮೇಡಂ ಹೇಳಿಲ್ವಾ?"

ಅವರು ಕೂರಲಿಲ್ಲ. ಅವಳ ಕೈಯಿಂದ ಸ್ಪಂಜು ಕಸಿದುಕೊಂಡು, ಔಷಧಿ ಚೀಟಿಯ ಹಿಂಭಾಗದಲ್ಲಿ ದೊಡ್ಡದಾಗಿ ಬರೆದು ತೋರಿಸಿದರು: ತೊಳೆಯಬೇಡಿ. ನಾಳೆ ಬಂದು ಹೇಳ್ತೀನಿ.

ಮರುದಿನ ಭಾನುವಾರದ ರಜೆಯಾದರೂ ಬಂದರು; ಸಿಸ್ಟರ್ ಬಾಗಿಲು ತೆಗೆದು ಕಾಯುತ್ತಿದ್ದಳು. ಮೀನಿನ ಮುಂದೆ ಸ್ಟೂಲು ಎಳೆದುಕೊಂಡು, ಹಲ್ಲು ಕಿತ್ತ ಊತಕ್ಕೆ ಇನ್ನೂ ಸೊಟ್ಟಗಿದ್ದ ಬಾಯಲ್ಲಿ ಬಿಡಿಸಿ ಹೇಳಿದರು.

"ಮೀನಿನ ಹೊಲಸಿಂದ, ಮಿಕ್ಕಿದ ಆಹಾರದಿಂದ ನೀರಲ್ಲಿ ಅಮೋನಿಯಾ ಸೇರುತ್ತೆ. ಅದು ವಿಷ. ಅದನ್ನ ತಿನ್ನೋ ಕ್ರಿಮಿಗಳಿವೆ. ಅವು ತಿಂದು ನೈಟ್ರೈಟ್ ಮಾಡ್ತವೆ, ಅದೂ ವಿಷಾನೇ. ಅದನ್ನ ತಿನ್ನೋಕೆ ಬೇರೆ ಕ್ರಿಮಿಗಳು. ಈ ಎರಡೂ ಜಾತಿ ಆ ಸ್ಪಂಜಲ್ಲಿ, ಕಲ್ಲಲ್ಲಿ ಬೀಡು ಬಿಡಬೇಕು. ತಿಂಗಳು, ಒಂದೂವರೆ ತಿಂಗಳು ಹಿಡಿಯುತ್ತೆ. ಆಮೇಲೆ ಮೀನು ಬಿಡಬೇಕಿತ್ತು. ಅವನು ಮೊದಲೇ ಬಿಟ್ಟ. ಕ್ರಿಮಿ ಹುಟ್ಟೋ ಹೊತ್ತಿಗೆ ನೀವು ಬೇಯಿಸ್ತಾ ಬಂದ್ರಿ."

"ಅಂದ್ರೆ ನಾನೇ ಸಾಯಿಸಿದೆ ಅಂತೀರಾ?"

"ಮೊದಲನೇದನ್ನ ಅಂಗಡಿಯವನು. ಆಮೇಲಿಂದು..."

"ಹೇಳಿ, ನುಂಗಬೇಡಿ."

"ನಿಮ್ಮದೂ ಸ್ವಲ್ಪ ಇದೆ."

ಬೇರೆಯವರ ಮೇಲೆ ಬಂದ ಕೋಪವನ್ನು ಬೈದು ಖಾಲಿ ಮಾಡಬಹುದು. ಇದನ್ನು ಎಲ್ಲಿ ಚೆಲ್ಲುವುದು? ಅಂದು ಸಿಸ್ಟರ್ ಮನೆಯಲ್ಲಿ ಪಾತ್ರೆಗಳು ಒಂದಕ್ಕೊಂದು ಬಡಿದುಕೊಂಡವು. ಬಸ್ ಕಂಡಕ್ಟರ್ ಗಂಡ ಅಡುಗೆಮನೆಗೆ ಇಣುಕಿ ಕೇಳಿದ: "ಇವತ್ತು ಯಾರ ಮೇಲೆ?"

"ನನ್ನ ಮೇಲೆ."

"ಸದ್ಯ. ಹಾಗಾದ್ರೆ ನಾನು ಊಟಕ್ಕೆ ಕೂರಬಹುದು."

ಸೋಮವಾರ ನೀರಿನ ಕಚೇರಿಯವರು ಪರೀಕ್ಷೆ ಮಾಡುವ ಹನಿ ಸೀಸೆಗಳನ್ನೂ, ತಮ್ಮ ಮನೆಯ ಹಳೆಯ ತೊಟ್ಟಿಯಿಂದ ಕಿತ್ತ, ಕ್ರಿಮಿಗಳು ಬೀಡುಬಿಟ್ಟ ಕಂದು ಸ್ಪಂಜಿನ ತುಂಡನ್ನೂ ತಂದರು. ಅದು ಕೊಳೆತ ಎಲೆಯ ವಾಸನೆ ಹೊಡೆಯುತ್ತಿತ್ತು. ಇಪ್ಪತ್ತೆರಡು ವರ್ಷ ಕ್ರಿಮಿಗಳ ಬೇಟೆಯಾಡಿದ ಕೈಯಿಂದಲೇ ಸಿಸ್ಟರ್, ಮೂಗು ತಿರುಗಿಸಿಕೊಂಡು, ಅದನ್ನು ಫಿಲ್ಟರಿನೊಳಗೆ ತುರುಕಿದಳು.

ಅಲ್ಲಿಂದ ಅವಳ ಬೆಳಗು ಬದಲಾಯಿತು. ಬಂದ ಕೂಡಲೇ ಪುಟ್ಟ ಗಾಜಿನ ಕೊಳವೆಗೆ ತೊಟ್ಟಿಯ ನೀರು ಹಿಡಿದು ಪರೀಕ್ಷೆಯ ಹನಿ ಬಿಡುವುದು. ಹಳದಿಯಾಗಿ ಉಳಿದರೆ ಅಮೋನಿಯಾ ಇಲ್ಲ, ಹಸಿರಾದರೆ ಇದೆ. ಹಸಿರು ಬಂದಾಗಲೆಲ್ಲ ಕಾಲು ತೊಟ್ಟಿ ನೀರು ತೆಗೆದು, ಕ್ಲೋರಿನ್ ಹೋಗಲಾಡಿಸಿದ ಹೊಸ ನೀರನ್ನು ಬಕೆಟ್ಟಿನಲ್ಲಿ ಹೊತ್ತು ತಂದು ನಿಧಾನವಾಗಿ ಸುರಿಯುವುದು. ದಿನ ಬಿಟ್ಟು ದಿನ ಚಿಟಿಕೆ ಆಹಾರ. ಗಾಜಿಗೆ ಒಂದು ಚೀಟಿಯನ್ನೂ ಅಂಟಿಸಿದಳು: ಮೀನಿಗೆ ಏನೂ ಹಾಕಬೇಡಿ. ಹಾಕಿದವರ ಹಲ್ಲಿಗೆ ನಾನು ಜವಾಬ್ದಾರಳಲ್ಲ.

ಆದರೂ ಎರಡನೆಯ ವಾರ ಎರಡು ಹೋದವು. ಮೂರನೆಯ ವಾರ ಅಮೋನಿಯಾ ಇಳಿಯಿತು, ನೈಟ್ರೈಟ್ ಏರಿತು. ನೈಟ್ರೈಟ್ ನೋಡುವ, ತಿಳಿನೀಲಿ ಇರಬೇಕಾದ ಕೊಳವೆ ನೇರಳೆ ಬಣ್ಣ ತಿರುಗಿತು; ಇನ್ನೊಂದು ಮೀನು ಹೋಯಿತು. ಪ್ರತಿ ಸಲವೂ ಅವಳು ಸತ್ತ ಮೀನನ್ನು ಹಿತ್ತಲಿನ ಮಣ್ಣಿಗೆ ಹಾಕಿ, ಒಳಗೆ ಬಂದು ಮೊದಲು ಸಿಕ್ಕವರ ಮೇಲೆ ಹರಿಹಾಯುತ್ತಿದ್ದಳು. ಉಳಿದದ್ದು ಆರು.

ನಾಲ್ಕನೆಯ ವಾರ ಅಂಗಡಿಯವನು ಬಾಗಿಲಲ್ಲಿ ಪ್ರತ್ಯಕ್ಷನಾದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಎಂಟು ಮೀನು. ಮೇಡಂ ಹೇಳಿ ಕಳಿಸಿದ್ದಳು. ಭಾನುವಾರ ಅವಳ ಜೊತೆ ಓದಿದವರು ಹೊಸ ಆಸ್ಪತ್ರೆ ನೋಡಲು ಬರುವವರಿದ್ದರು.

ಸಿಸ್ಟರ್ ತೊಟ್ಟಿಗೆ ಬೆನ್ನು ಕೊಟ್ಟು ನಿಂತಳು. ಬೆಂಚಿನ ಮೇಲೆ ಐದು ಜನ ಕೆನ್ನೆ ಹಿಡಿದುಕೊಂಡು ನೋಡುತ್ತಿದ್ದರು.

"ದಾರಿ ಬಿಡಿ ಸಿಸ್ಟರ್" ಅಂದಳು ಒಳಗಿನಿಂದ ಬಂದ ಮೇಡಂ.

"ಬಿಡಲ್ಲ. ನೀರು ಇನ್ನೂ ವಿಷ ಇದೆ."

"ಇದು ನನ್ನ ಆಸ್ಪತ್ರೆ. ನಿಮ್ಮ ಕೆಲಸ ಉಪಕರಣ ತೊಳೆಯೋದು."

"ಪುಟ್ಟೀ!" ಅಂದುಬಿಟ್ಟಳು ಸಿಸ್ಟರ್. ಬೆಂಚಿನವರು ಕೆನ್ನೆಯಿಂದ ಕೈ ತೆಗೆದರು. "ನಾಲ್ಕು ವಾರದಿಂದ ಒಂದು ದಿನ ಇವುಗಳ ಮುಖ ನೋಡಿದೀಯಾ? ಬಗ್ಗು. ಆ ಕಿತ್ತಳೆ ಮೀನಿನ ಕಿವಿರು ನೋಡು. ರೋಗಿ ವಸಡು ಹೀಗೆ ಕೆಂಪಗೆ ಉರಿಯೋವಾಗ ನೀನು ಅವನ ಬಾಯಿಗೆ ಕೈ ಹಾಕಿ ಅಲಂಕಾರ ಮಾಡ್ತೀಯಾ? ನಿಮ್ಮಪ್ಪ ಮಾಡ್ತಿದ್ರಾ?"

ಮೇಡಂ ಮುಖ ಕೆಂಪಾಯಿತು. ಆದರೂ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಊತ, ಉರಿ, ಕೆಂಪು ಇವನ್ನು ಗುರುತಿಸುವುದು ಅವಳ ವಿದ್ಯೆ. ಗೊತ್ತಾಗದೆ ಇರುತ್ತದೆಯೇ?

"ವಾಪಸ್ ತಗೊಂಡು ಹೋಗಿ" ಅಂದಳು ಅಂಗಡಿಯವನಿಗೆ. ಆಮೇಲೆ ಮೂರು ದಿನ ಸಿಸ್ಟರ್ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಇಕ್ಕಳ ಇಸಿದುಕೊಳ್ಳುತ್ತ ಮೆಲ್ಲಗೆ ಅಂದಳು: "ರೋಗಿಗಳ ಮುಂದೆ ಹಾಗೆ ಕರೀಬೇಡಿ."

"ಕರೆಯಲ್ಲ. ನೀವೂ ಕೇಳದೆ ಮೀನು ತರಿಸಬೇಡಿ."

ಏಳನೆಯ ವಾರದ ಮಂಗಳವಾರ ಒಂದು ಕೊಳವೆ ಹಳದಿ, ಇನ್ನೊಂದು ತಿಳಿನೀಲಿ. ಸಿಸ್ಟರ್ ನಂಬದೆ ಕೊಳವೆ ತೊಳೆದು ಮತ್ತೆ ಹಿಡಿದಳು. ಅದೇ ಬಣ್ಣ. ಬುಧವಾರವೂ, ಗುರುವಾರವೂ ಅದೇ. ಆರು ಮೀನುಗಳು ರೆಕ್ಕೆ ಬಿಚ್ಚಿಕೊಂಡು ತೊಟ್ಟಿಯ ನಡುವೆ ಓಡಾಡುತ್ತಿದ್ದವು. ಮೇಡಂ ತಾನಾಗಿಯೇ ಬಂದು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, "ಆರಾದ್ರೂ ಉಳೀತಲ್ಲ" ಅಂದಳು.

"ಆರು ಹೋಯ್ತಲ್ಲ" ಅಂದಳು ಸಿಸ್ಟರ್.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ನೇರವಾಗಿ ಆ ಅಂಗಡಿಗೆ ನಡೆದಳು. ಅಲ್ಲಿ ವಯಸ್ಸಾದ ಗಂಡ ಹೆಂಡತಿ ತೊಟ್ಟಿಯೊಂದನ್ನು ಆರಿಸಿಟ್ಟು, ಯಾವ ಮೀನು ಅಂತ ಬೆರಳು ತೋರಿಸುತ್ತಿದ್ದರು. ಅಂಗಡಿಯವನ ಕೈಯಲ್ಲಿ ಬಲೆ ಇತ್ತು.

"ಇವತ್ತು ತೊಟ್ಟಿ ಮಾತ್ರ ತಗೊಂಡು ಹೋಗಿ ತಾಯಿ. ಮೀನು ತಗೊಂಡ್ರೆ ವಾರದಲ್ಲಿ ಮಣ್ಣು ಮಾಡ್ತೀರಿ" ಅಂದು ಸಿಸ್ಟರ್ ಅಮೋನಿಯಾದಿಂದ ಶುರುಮಾಡಿದಳು. ಅಂಗಡಿಯವನು ಕೂಗಾಡಿದ. ಅವಳು ಅವನಿಗಿಂತ ಜೋರಾಗಿ ಕೂಗಿದಳು. ಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು. ಕೊನೆಗೆ ಮುದುಕ ಅವಳ ಹತ್ತಿರ ಎಲ್ಲವನ್ನೂ ಇನ್ನೊಮ್ಮೆ ಕೇಳಿ ಕಾಗದದಲ್ಲಿ ಬರೆದುಕೊಂಡು, ಖಾಲಿ ತೊಟ್ಟಿಯನ್ನು ತಬ್ಬಿ ಹಿಡಿದು ಹೊರಟ.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸಿಸ್ಟರ್ ಹದಿನೈದು ನಿಮಿಷ ತಡವಾಗಿ ಬಂದಳು. ಮೇಡಂ ತಾನೇ ಇಕ್ಕಳಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಳು, ಅದೂ ಉಲ್ಟಾ.

"ಎಲ್ಲಿಗೆ ಹೋಗಿದ್ರಿ?"

"ಜಗಳಕ್ಕೆ."

"ಗೆದ್ರಾ?"

"ಇವತ್ತು ಗೆದ್ದೆ. ನಾಳೆ ಅವನು ಇನ್ಯಾರಿಗೋ ಮಾರ್ತಾನೆ" ಅಂದು, ತಟ್ಟೆ ಕಸಿದುಕೊಂಡು ಇಕ್ಕಳಗಳನ್ನು ಸರಿಯಾಗಿ ತಿರುಗಿಸಿಟ್ಟು, ಬಾಗಿಲಿಗೆ ಬಂದು ಗದರುವ ದನಿಯಲ್ಲೇ ಮುಂದಿನವರನ್ನು ಕರೆದಳು.