ದೇವರ ಕೋಣೆಯ ಬೂಷ್ಟು

ಖಾಲಿ ಮನೆಗೆ ಕಳ್ಳರು ನುಗ್ಗುತ್ತಾರೆ ಎಂದು ಅಪ್ಪ ಹೆದರಿದ್ದ. ಕಳ್ಳರು ಬರಲಿಲ್ಲ, ಬೂಷ್ಟು ಬಂದಿತ್ತು. ಹೈದರಾಬಾದ್ ಸಂಸ್ಥಾನದ ಕೊನೆಯ ಗದ್ದಲದ ದಿನಗಳಲ್ಲಿ ಕಮಲಾಪುರದ ನಮ್ಮ ಮನೆಗೆ ಬೀಗ ಜಡಿದು, ಕಲಬುರಗಿಯ ಬ್ರಹ್ಮಪುರದಲ್ಲಿದ್ದ ಅವ್ವನ ತವರಿಗೆ ಹೋಗಿ ಕೂತಿದ್ದೆವು. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ, ದೀಪಾವಳಿಗೆ ಸ್ವಂತ ಮನೆಯಲ್ಲೇ ದೀಪ ಹಚ್ಚಬೇಕೆಂದು ಅಪ್ಪ ಹಟ ಹಿಡಿದ. ಅಪ್ಪ, ಅವ್ವ, ಅಪ್ಪನ ಅಕ್ಕ, ನಾನು ವಾಪಸು ಬಂದೆವು. ನಾನಾಗ ಲಂಗ ಉಡುವ ಹುಡುಗಿ.

ಬಾಗಿಲು ತೆರೆದರೆ ಮುಗ್ಗಿದ ಜೋಳದ ಚೀಲದ ಬಾಯಿ ಬಿಚ್ಚಿದಂಥ ವಾಸನೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಳೆಗಾಲಕ್ಕೆ ಮೊದಲು ಮೇಲೆ ಹೊಸ ಮಣ್ಣು ಹಾಸಿ ತುಳಿಸದಿದ್ದರೆ ನೀರು ಸೀದಾ ಒಳಗಿಳಿಯುತ್ತದೆ. ನಾವಿಲ್ಲದಾಗ ತುಳಿಸುವವರು ಯಾರು? ಗೋಡೆಗಳ ಮೇಲೆ ಕಪ್ಪಗೆ, ಹಸಿರಾಗಿ, ಕೆಲವು ಕಡೆ ಬೆಕ್ಕಿನ ಮೈಯಂತೆ ತುಪ್ಪಳವಾಗಿ ಬೂಷ್ಟು ಹಬ್ಬಿತ್ತು. ಅವ್ವನಿಗೆ ಮೊದಲಿನಿಂದಲೂ ದಮ್ಮು. ಹೊಸ್ತಿಲಲ್ಲೇ ಕೆಮ್ಮು ಹತ್ತಿ ಕೂತುಬಿಟ್ಟಳು.

ಆದರೆ ಈ ಕೆಲಸ ಹೇಗೆ ಮಾಡಬೇಕೆಂದು ಗೊತ್ತಿದ್ದವಳೂ ಅವಳೇ. ತವರಿನದು ಕಾಳಿನ ವ್ಯಾಪಾರ. ಮಳೆಗಾಲ ಮುಗಿದ ಮೇಲೆ ಗೋದಾಮು ಸ್ವಚ್ಛ ಮಾಡುವುದನ್ನು ನೋಡುತ್ತ ಬೆಳೆದವಳು. ಒಣ ಬೂಷ್ಟಿನ ಧೂಳು ಕುಡಿದು ಹಮಾಲರ ಎದೆ ಕೆಟ್ಟದ್ದನ್ನೂ ಕಂಡಿದ್ದಳು.

ಅಂಗಳದಲ್ಲಿ ಕೂತುಕೊಂಡೇ ಕೂಲಿಗೆ ಬಂದ ಹೆಂಗಸರಿಗೆ ಹೇಳಿದಳು: “ಒಣಾದು ಕೆರೀಬ್ಯಾಡ್ರಿ ಯವ್ವಾ. ಮೊದಲ ನೀರ್ ಚಿಮುಕಸ್ರಿ. ಧೂಳ ಎದ್ದರ ಮನಿ ತುಂಬಾ ಹೋಗ್ತದ.”

ಒಂದು ಕೋಣೆ ಮುಗಿಯುವ ತನಕ ಇನ್ನೊಂದನ್ನು ಮುಟ್ಟುವಂತಿರಲಿಲ್ಲ. ಒಳಬಾಗಿಲಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟು, ಹೊರಗಿನ ಕಿಟಕಿ ತೆರೆದಿಡಬೇಕು. ಮೂಗು ಬಾಯಿಗೆ ಮಡಿಕೆ ಹಾಕಿದ ಒದ್ದೆ ಬಟ್ಟೆ ಕಟ್ಟಬೇಕು. ಕೆರೆದದ್ದನ್ನು ಅಲ್ಲೇ ಒದ್ದೆ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಹಿತ್ತಲ ಬಾಗಿಲಿನಿಂದ ಒಯ್ದು ಗುಂಡಿಯಲ್ಲಿ ಹುಗಿಯಬೇಕು. ಉಟ್ಟ ಬಟ್ಟೆ ಹಿತ್ತಲಲ್ಲೇ ಬಿಚ್ಚಿ ಕುದಿಯುವ ನೀರಿಗೆ ಹಾಕಬೇಕು. ಕೌದಿ, ದಿಂಬು, ಚಾಪೆ ಎಲ್ಲ ಬೆಂಕಿಗೆ ಹೋದವು. ಗೋಡೆ ಪೂರ್ತಿ ಒಣಗುವ ತನಕ ಸುಣ್ಣದ ಮಾತಿಲ್ಲ.

“ಖಜಾನೀಗೂ ಇಷ್ಟ ಬಂದೋಬಸ್ತ್ ಇರಂಗಿಲ್ಲ ಬಿಡು,” ಎಂದು ಅಪ್ಪ ನಕ್ಕ. ಅವ್ವನೂ ನಕ್ಕಳು. ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಕೊನೆ ಇರಬೇಕು. ಆಮೇಲಿನ ನಗು ಒಂದೂ ನನಗೆ ನೆನಪಿಲ್ಲ.

ಕೊನೆಗೆ ಉಳಿದದ್ದು ದೇವರ ಕೋಣೆ. ಮಾಳಿಗೆ ಹೆಚ್ಚು ಸೋರಿದ್ದು ಅಲ್ಲಿಯೇ, ದೇವರನ್ನು ಕೂಡಿಸುವ ಜಗಲಿಯ ನೆತ್ತಿಯ ಮೇಲೆ. ಇಡೀ ಮನೆ ಉಜ್ಜಿದ ಕೂಲಿ ಹೆಂಗಸರು ಆ ಹೊಸ್ತಿಲು ದಾಟುವಂತಿರಲಿಲ್ಲ. ಮನುಷ್ಯರ ಕೈ ಮೈಲಿಗೆ, ಬೂಷ್ಟಿಗೆ ಮಾತ್ರ ಯಾವ ಮೈಲಿಗೆಯೂ ಇಲ್ಲ! ದೇವರ ಕೋಣೆ ಮನೆಯ ಸೊಸೆಯ ಪಾಲು. ಅವ್ವ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಬಾಗಿಲಿಗೆ ಒದ್ದೆ ಗೋಣಿತಟ್ಟು ಇಳಿಬಿಡುತ್ತಿದ್ದಳು. ಅಷ್ಟರಲ್ಲಿ ಸೋದರತ್ತೆ ಬಂದಳು.

“ದೇವರ ಮುಂದ ಮೂಗ ಮುಚಗೊಂಡ ನಿಂದರ್ತಾರೇನು? ದೇವರೇನ್ ನಾರ್ತಾನ?”

“ದೇವರಿಗಲ್ರಿ ಅಕ್ಕಾ, ಬೂಷ್ಟಿಗಿ ಕಟಗೊಂಡೀನಿ.”

“ಇಷ್ಟ ದಿನ ದೀಪ ಇಲ್ಲದ ಕತ್ತಲದಾಗ ಕುಂತಾನ. ನಾವ್ ಬಂದು ಮೂಗ ಮುಚ್ಚೋದಾ? ಬಾಗಿಲಿಗಿ ಗೋಣಿ ಕಟ್ಟೋದಾ?”

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಮಾಳಿಗೆ ನೋಡಿದ. ಅವ್ವ ಮುಖದ ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಗೋಣಿತಟ್ಟನ್ನೂ ತೆಗೆದಳು. ಚಿಮುಕಿಸಿದ ನೀರು ಮೇಲಿನ ಮೂಲೆಗೆ ಮುಟ್ಟಲಿಲ್ಲ. ಕೆರೆದಾಗ ಒಣ ಬೂಷ್ಟು ಹಿಟ್ಟಿನ ಹಾಗೆ ಅವಳ ಮುಖದ ಮೇಲೆ ಉದುರಿತು, ಹೊಸದಾಗಿ ಸುಣ್ಣ ಕಂಡ ಪಡಸಾಲೆಗೂ ಹಾರಿತು. ಅವ್ವ ಆ ಕೋಣೆ ಮುಗಿಸಿಯೇ ಹೊರಗೆ ಬಂದಳು.

ಅತ್ತೆ ಕೆಟ್ಟವಳಲ್ಲ. ಆ ರಾತ್ರಿ ಅವ್ವನ ಬೆನ್ನು ತಿಕ್ಕುತ್ತ ಕೂತವಳೂ ಅವಳೇ. ನನಗೆ ಇವತ್ತಿಗೂ ಸಿಟ್ಟಿರುವುದು ಮಾಳಿಗೆ ನೋಡಿದ ಅಪ್ಪನ ಮೇಲೆ.

ಆ ದೀಪಾವಳಿಯ ನಂತರ ಅವ್ವನ ಉಸಿರು ಹದಕ್ಕೆ ಬರಲೇ ಇಲ್ಲ. ಕಲಬುರಗಿಯ ಡಾಕ್ಟರು, “ಮನಿ ಒಣಗೋತನಾ ಇವರನ್ನ ಅಲ್ಲಿ ಇಡಬ್ಯಾಡ್ರಿ,” ಎಂದರು. ತವರಿಗೆ ಮತ್ತೆ ಹೋಗಿ ಕೂಡಲು ಅವ್ವ ಒಪ್ಪಲಿಲ್ಲ. ಮಾಳಿಗೆ ಸರಿಯಾದರೆ ಎಲ್ಲ ಸರಿಯಾಗುತ್ತದೆ ಎಂದು ಅಪ್ಪ ಹೇಳುತ್ತಲೇ ಇದ್ದ. ಆದರೆ ಪ್ರತಿವರ್ಷ ನಮ್ಮ ಮಾಳಿಗೆ ಸರಿಮಾಡುತ್ತಿದ್ದ ಮುಸಲ್ಮಾನ ಗೌಂಡಿಯ ಮನೆಗೆ ಬೀಗ ಬಿದ್ದಿತ್ತು. ಅವನ ಓಣಿಯ ಎಷ್ಟೋ ಬಾಗಿಲಿಗೆ ಬಿದ್ದಿತ್ತು. ಎಲ್ಲಿ ಹೋದರು ಎಂದು ಅಪ್ಪ ಕೇಳಿದರೆ ಜನ ಬೇರೆ ಮಾತು ತೆಗೆಯುತ್ತಿದ್ದರು. ಬೇರೆಯವರು ಬಂದು ಮಣ್ಣು ಹಾಕಿದರು, ತುಳಿದರು, ಹೋದರು. ಮೊದಲ ದೊಡ್ಡ ಮಳೆಗೇ ಜಗಲಿಯ ಮೇಲೆ ಹನಿ ಬಿತ್ತು. ಆಮೇಲೆ ಪಡಸಾಲೆ, ಆಮೇಲೆ ಎಲ್ಲ ಕಡೆ. ಸುಣ್ಣದ ಕೆಳಗಿನಿಂದ ಬೂಷ್ಟು ಮತ್ತೆ ಎದ್ದು ಬಂತು.

ಪಡಸಾಲೆಯ ಹಾಸಿಗೆಯಲ್ಲಿ ಒರಗಿ ಕೂತು ಅವ್ವ ಅದನ್ನು ದಿನಾ ನೋಡುತ್ತಿದ್ದಳು. ಅಪ್ಪ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ನೀರು ಚಿಮುಕಿಸಲು ನಿಂತರೆ, “ಸಾಕ್ ಬಿಡ್ರಿ. ಎಷ್ಟಂತ ಕೆರೀತೀರಿ?” ಎಂದಳು. ಅಪ್ಪ ಮುಖದ ಬಟ್ಟೆ ಬಿಚ್ಚಿ ಹೊರಗೆ ಹೋದ.

ಆ ಮಳೆಗಾಲದಲ್ಲೇ ಒಂದು ಬೆಳಿಗ್ಗೆ ಅವ್ವ ತೀರಿಕೊಂಡಳು.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸುತ್ತೇವೆ, ಹಣೆಗೆ ವಿಭೂತಿ ಹಚ್ಚುತ್ತೇವೆ. ಬ್ರಹ್ಮಪುರದಿಂದ ಬಂದ ಸೋದರಮಾವ ಪಡಸಾಲೆಯ ಗೋಡೆಗೆ ಕೈ ಹಚ್ಚಿದರೆ ಮೆತ್ತಿದ ಮಣ್ಣಿನ ಗಿಲಾವು ಅಂಗೈಗೆ ಹತ್ತಿ ಬಂತು.

“ಇದಕ್ಕ ಹೆಂಗ ಕೂಡಸೋದು? ಒಣಾ ಗ್ವಾಡಿ ಎಲ್ಲದ?”

ಅಪ್ಪ ಮತ್ತು ಮಾವ ಕೋಣೆಯಿಂದ ಕೋಣೆಗೆ ಗೋಡೆ ಮುಟ್ಟುತ್ತ ನಡೆದರು, ಹಿಂದೆ ನಾನು. ಎಲ್ಲವೂ ತಣ್ಣಗೆ, ಎಲ್ಲವೂ ಒದ್ದೆ. ಕಡೆಗೆ ಅಡುಗೆಮನೆಗೆ ಬಂದೆವು. ಒಲೆಯ ಬೆನ್ನಿಗಿದ್ದ ಗೋಡೆ ಹೊಗೆಯಿಂದ ಕಪ್ಪಗಿತ್ತು, ಆದರೆ ಒಣಗಿತ್ತು. ಬೂಷ್ಟಿನ ಒಂದು ಚುಕ್ಕೆಯೂ ಇರಲಿಲ್ಲ. ದಿನವೂ ಒಲೆ ಉರಿಯುವ ಜಾಗ. ಅಡುಗೆಮನೆಯಲ್ಲಿ ರೋಗಿಯ ಹಾಸಿಗೆ ಹಾಕುವ ರೂಢಿ ನಮ್ಮಲ್ಲಿಲ್ಲ. ಹಾಗಾಗಿ ಯಾರಿಗೂ ಹೊಳೆದಿರಲಿಲ್ಲ.

ಅವ್ವನನ್ನು ತಂದು ಆ ಗೋಡೆಗೆ ಆನಿಸಿ ಕೂಡಿಸಿದರು. ಅಪ್ಪ ಅವಳ ಭುಜದ ಪಕ್ಕ ಗೋಡೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತ.

“ಬೆಚ್ಚಗ ಅದ,” ಎಂದ. “ಇಲ್ಲೇ ಹಾಸಬೇಕಿತ್ತು.”